ಕರೆದರಷ್ಟೇ ಬರುವ ತಂಡ

ವಾರ್ಡಿನಲ್ಲಿ ಮಲಗಿದ ರೋಗಿಯ ಹೃದಯ ಸುಳಿವೇ ಕೊಡದೆ ನಿಲ್ಲುವುದು ಕಡಿಮೆ. ಉಸಿರಾಟ ಜೋರಾಗುತ್ತದೆ, ಬಿ.ಪಿ. ಇಳಿಯುತ್ತದೆ, ರೋಗಿ ಮಂಕಾಗುತ್ತಾನೆ. ಎಷ್ಟೋ ಸಲ ಇದೆಲ್ಲ ಗಂಟೆಗಟ್ಟಲೆ ಮುಂಚೆಯೇ ಕಾಣಿಸುತ್ತದೆ. ಆ ಹೊತ್ತಿನಲ್ಲೇ ಐಸಿಯು ಪರಿಣತರನ್ನು ಹಾಸಿಗೆಯ ಬಳಿಗೆ ಕರೆಸಬೇಕೆಂದು 1990ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆ ಒಂದು ತುರ್ತು ತಂಡವನ್ನು ಕಟ್ಟಿತು. ಹೃದಯ ನಿಂತ ಮೇಲೆ ಓಡಿಬರುವುದಕ್ಕಿಂತ ಇದು ಮೇಲು ಎಂದು ಯಾರಿಗಾದರೂ ಅನಿಸುತ್ತದೆ.

ಆದರೆ 2005ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ಪ್ರಕಟಿಸಿದ ಮೆರಿಟ್ ಅಧ್ಯಯನ ಈ ನಂಬಿಕೆಗೆ ಪೆಟ್ಟು ಕೊಟ್ಟಿತು. ಆಸ್ಟ್ರೇಲಿಯದ 23 ಆಸ್ಪತ್ರೆಗಳ ಪೈಕಿ 12ರಲ್ಲಿ ತಂಡ ರಚಿಸಿ, 11ರಲ್ಲಿ ಹಳೆಯ ಪದ್ಧತಿಯನ್ನೇ ಉಳಿಸಿದರು. ಹೃದಯಸ್ತಂಭನ, ಅನಿರೀಕ್ಷಿತ ಸಾವು, ದಿಢೀರ್ ಐಸಿಯು ದಾಖಲಾತಿ, ಈ ಮೂರನ್ನೂ ಕೂಡಿಸಿ ನೋಡಿದಾಗ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಇದನ್ನೇ ಹಿಡಿದು ತಂಡ ನಿಷ್ಪ್ರಯೋಜಕ ಎನ್ನುವುದನ್ನು ನಾನು ಒಪ್ಪಲಾರೆ. ಅದೇ ವರದಿಯ ಒಳಗಿರುವ ಇನ್ನೊಂದು ಸಂಖ್ಯೆ ನೋಡಿ: ತಂಡವಿದ್ದ ಆಸ್ಪತ್ರೆಗಳಲ್ಲಿ ಅಪಾಯದ ಲಕ್ಷಣ ಕಾಣಿಸಿಕೊಂಡು, ಕೊನೆಗೆ ಐಸಿಯು ಸೇರಿದವರಲ್ಲಿ ಶೇ. 30ರಷ್ಟು ಮಂದಿಗಷ್ಟೇ ತಂಡವನ್ನು ಕರೆದಿದ್ದರು. ಉಳಿದವರ ಹತ್ತಿರಕ್ಕೆ ತಂಡ ಬರಲೇ ಇಲ್ಲ. ಬಾರದ ತಂಡದ ಗುಣವನ್ನು ಅಳೆಯುವುದು ಹೇಗೆ?

2010ರಲ್ಲಿ ಇಂಥ ತಂಡಗಳ ಕುರಿತ 18 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ, ಐಸಿಯು ಹೊರಗೆ ವಯಸ್ಕರಲ್ಲಾಗುವ ಹೃದಯಸ್ತಂಭನ ಸುಮಾರು ಮೂರನೇ ಒಂದರಷ್ಟು ತಗ್ಗಿದ್ದನ್ನು ತೋರಿಸಿತು. ಒಟ್ಟು ಸಾವುಗಳ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳಲಾಗಲಿಲ್ಲ. ಇಲ್ಲೊಂದು ಎಚ್ಚರ ಬೇಕು. ತಂಡ ಬಂದಾಗ, ಗುಣವಾಗದ ರೋಗಿಗೆ ಎದೆ ಒತ್ತಿ ಬದುಕಿಸುವ ಯತ್ನ ಬೇಡವೆಂಬ ತೀರ್ಮಾನವೂ ಆಗಬಹುದು. ಅದು ಆ ರೋಗಿಗೆ ಒಳ್ಳೆಯದೇ, ಆದರೆ ಹೃದಯಸ್ತಂಭನದ ಲೆಕ್ಕ ಅದರಿಂದಲೂ ಇಳಿಯುತ್ತದೆ.

ಹಾಗಾದರೆ ಕರೆ ಏಕೆ ಹೋಗುವುದಿಲ್ಲ? ಉಸಿರಿನ ಎಣಿಕೆ ಎಷ್ಟೋ ಚಾರ್ಟುಗಳಲ್ಲಿ ಬಿಟ್ಟುಹೋಗಿರುತ್ತದೆ. ಎಣಿಸಿದರೂ, ಹಿರಿಯ ಡಾಕ್ಟರನ್ನು ದಾಟಿ ಫೋನ್ ಮಾಡಿದರೆ ಬೈಸಿಕೊಳ್ಳಬೇಕಾದೀತೆಂಬ ಭಯ ನರ್ಸ್‌ಗೆ. ಈ ಭಯ ನಮ್ಮ ವಾರ್ಡುಗಳಿಗೂ ಹೊಸದಲ್ಲ. ಮೇಲಾಗಿ ನಮ್ಮಲ್ಲಿ ರಾತ್ರಿಯಿಡೀ ರೋಗಿಯ ಪಕ್ಕ ಕೂರುವುದು ಮನೆಯವರು. "ಯಾಕೋ ಇವತ್ತು ಸರಿಯಿಲ್ಲ ಸಿಸ್ಟರ್" ಎಂದು ಮೊದಲು ಹೇಳುವವರೂ ಅವರೇ. ಇಂಗ್ಲೆಂಡ್ 2024ರಿಂದ 'ಮಾರ್ಥಾ ನಿಯಮ'ದಡಿ ರೋಗಿಯ ಕುಟುಂಬದವರಿಗೇ ಬೇರೊಂದು ತಂಡದಿಂದ ತುರ್ತು ಮರುಪರಿಶೀಲನೆ ಕೇಳುವ ಹಕ್ಕನ್ನು ಹಂತಹಂತವಾಗಿ ತರುತ್ತಿದೆ. ನನ್ನ ಮಟ್ಟಿಗೆ ತಂಡದ ವಿನ್ಯಾಸದಲ್ಲಿದ್ದ ದೊಡ್ಡ ಕೊರತೆಯನ್ನು ತುಂಬುವ ಹೆಜ್ಜೆ ಇದೇ. ಇಂಥ ತಂಡ ಕಟ್ಟುವ ಯಾವುದೇ ಆಸ್ಪತ್ರೆ ಪ್ರತಿ ಹೃದಯಸ್ತಂಭನದ ನಂತರ ಚಾರ್ಟು ತೆರೆದು, ಮೊದಲ ಲಕ್ಷಣ ಎಷ್ಟು ಗಂಟೆಗೆ ಬರೆದಿದ್ದಾರೆ, ಕರೆ ಎಷ್ಟು ಗಂಟೆಗೆ ಹೋಗಿದೆ ಎಂದು ನೋಡಲೇಬೇಕು.