ಆಟದ ಎಲೆಗೆ ಹಣೆಬರಹ ಗೊತ್ತೇ?

ವಿಟ್ಲದ ಸುತ್ತಮುತ್ತಲ ತೋಟಗಳಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ಯಾರೂ ಗಿಳಿಶಾಸ್ತ್ರದವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಮಳೆ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂಬುದು ಎಲ್ಲರಿಗೂ ಗೊತ್ತು. ಸಂಶಯವಿದ್ದರೆ ಕೇಳಲು ಊರಲ್ಲೇ ಸಿಪಿಸಿಆರ್‌ಐನ ಪ್ರಾದೇಶಿಕ ಕೇಂದ್ರವಿದೆ. ಆದರೆ ಅದೇ ಮನೆಯವರಿಗೆ ಮಗಳ ಸಂಬಂಧ ಮೂರು ಸಲ ತಪ್ಪಿಹೋದರೆ, ಗಲ್ಫಿನಲ್ಲಿರುವ ಮಗನ ಫೋನು ಬಾರದೆ ಹೋದರೆ, ಕೇಳಲು ಯಾವ ಕೇಂದ್ರವೂ ಇಲ್ಲ. ಆಗ ಕೆಲವರು ಪ್ರಶ್ನೆ ಇಡಿಸುತ್ತಾರೆ, ಕೆಲವರು ನೂಲು ಮಂತ್ರಿಸಿಕೊಂಡು ಬರುತ್ತಾರೆ. ಈಚಿನ ವರ್ಷಗಳಲ್ಲಿ ಮೊಬೈಲಿನೊಳಗೇ ಕನ್ನಡದಲ್ಲಿ ಟ್ಯಾರೋ ಕಾರ್ಡುಗಳು ಬಿಚ್ಚಿಕೊಳ್ಳುತ್ತಿವೆ. ಮೂರರಲ್ಲಿ ಒಂದು ಎಲೆ ಆರಿಸಿಕೊಳ್ಳಿ, ನಿಮ್ಮ ಮುಂದಿನ ತಿಂಗಳನ್ನು ಹೇಳುತ್ತೇವೆ ಎನ್ನುತ್ತವೆ.

ಉತ್ತರ ಇರುವ ಕಡೆ ನಾವು ಎಲೆಯನ್ನು ಕೇಳುವುದಿಲ್ಲ, ಉತ್ತರ ಇಲ್ಲದ ಕಡೆ ಕೇಳುತ್ತೇವೆ. ಆದ್ದರಿಂದ ಈ ವಿದ್ಯೆಯನ್ನು ವಿಮರ್ಶಿಸುವವರು ಕೇಳುವವರ ದಡ್ಡತನದಿಂದ ಆರಂಭಿಸಬಾರದು. ಎಲೆಯ ಪೂರ್ವಾಪರದಿಂದ ಆರಂಭಿಸಬೇಕು.

ಟ್ಯಾರೋ ಕಟ್ಟಿನಲ್ಲಿ 78 ಎಲೆಗಳಿವೆ. ಅವುಗಳಲ್ಲಿ 56 ನಮ್ಮ ಇಸ್ಪೀಟಿನ ಹತ್ತಿರದ ನೆಂಟರು. ಉಳಿದ 22 ರಾಜ, ಸಾವು, ಸೂರ್ಯ, ಚಂದ್ರ ಮೊದಲಾದ ಚಿತ್ರದ ಎಲೆಗಳು. ಇದು 1440ರ ಸುಮಾರಿಗೆ ಉತ್ತರ ಇಟಲಿಯ ಅರಮನೆಗಳಲ್ಲಿ ಹುಟ್ಟಿದ್ದು ಭವಿಷ್ಯ ಹೇಳಲಿಕ್ಕಲ್ಲ, ಆಡಲಿಕ್ಕೆ. ಸುಮಾರು ಮುನ್ನೂರು ವರ್ಷ ಅದು ಬಹುಮಟ್ಟಿಗೆ ಆಟವಾಗಿಯೇ ಉಳಿಯಿತು. 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬೆಲಿನ್ ಎಂಬ ಪಂಡಿತ, ಇದು ಪ್ರಾಚೀನ ಈಜಿಪ್ಟಿನ ಪುರೋಹಿತರ ಗುಪ್ತ ಗ್ರಂಥವೆಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ದಾರಿಯನ್ನು ಷಾಂಪೋಲಿಯೋ ಕಂಡುಕೊಂಡದ್ದು 1822ರಲ್ಲಿ. ಅಂದರೆ ಯಾರಿಗೂ ಓದಲು ಬಾರದ ಲಿಪಿಯ ಹೆಸರಿನಲ್ಲಿ ಈ ಶಾಸ್ತ್ರ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅಲಿಯೆಟ್ ಎಂಬಾತ ತನ್ನ ಹೆಸರನ್ನು ತಿರುವುಮುರುವು ಮಾಡಿ ಎಟ್ಟೇಲಾ ಎಂದು ಇಟ್ಟುಕೊಂಡು, ಭವಿಷ್ಯ ಹೇಳುವುದಕ್ಕೆಂದೇ ಕಟ್ಟು ಮಾಡಿಸಿದ. ಇಂದು ಜಗತ್ತಿನಾದ್ಯಂತ ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಲಕ್ಷಾಂತರ ಜನರ ಅದೃಷ್ಟದ ಚಿತ್ರ ಬಿಡಿಸಿದ ಈ ಹೆಂಗಸಿಗೆ ಸಿಕ್ಕಿದ್ದು ಅಲ್ಪ ಸಂಭಾವನೆ. 1951ರಲ್ಲಿ ತೀರಿಕೊಂಡಾಗ ಅವಳು ಬಡವಿಯಾಗಿದ್ದಳು.

ಈಜಿಪ್ಟಿನ ಕತೆಯಲ್ಲಿ ಒಂದು ವಿಡಂಬನೆಯಿದೆ. ಇಸ್ಪೀಟು ಯುರೋಪಿಗೆ ಹೋದದ್ದು ನಿಜಕ್ಕೂ ಆ ಕಡೆಯಿಂದಲೇ, ಆದರೆ ಪುರೋಹಿತರಿಂದಲ್ಲ, ಮಮ್ಲೂಕ್ ಸುಲ್ತಾನರ ಕಾಲದ ಆಟಗಾರರಿಂದ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ 1931ರಲ್ಲಿ ಪತ್ತೆಯಾದ ಮಮ್ಲೂಕ್ ಕಟ್ಟಿನಲ್ಲಿ ಬಟ್ಟಲು, ನಾಣ್ಯ, ಖಡ್ಗ, ಪೋಲೋ ಕೋಲು ಎಂಬ ನಾಲ್ಕು ಬಣಗಳಿವೆ. ಪೋಲೋ ಆಟವೇ ತಿಳಿಯದ ಯುರೋಪಿನಲ್ಲಿ ಆ ಕೋಲು ಬರೀ ದೊಣ್ಣೆಯಾಯಿತು. ಇಂದಿನ ಟ್ಯಾರೋದಲ್ಲಿ ಅದೇ ಮಂತ್ರದಂಡ! ಎಲೆಯ ಮೇಲಿದ್ದ ‘ನಾಯಿಬ್’ ಎಂಬ ಅರಬಿ ಪದವಿ ಸ್ಪೇನಿನಲ್ಲಿ ಇಸ್ಪೀಟಿಗೇ ಹೆಸರಾಗಿ, ‘ನೈಪೆಸ್’ ಎಂದು ಇಂದಿಗೂ ಬಳಕೆಯಲ್ಲಿದೆ.

ನಮ್ಮ ನೆಲಕ್ಕೆ ಎಲೆ ಬಂದದ್ದು ಇರಾನಿನ ಕಡೆಯಿಂದ, ಗಂಜೀಫಾ ಎಂಬ ಹೆಸರಿನಲ್ಲಿ. 1527ರಲ್ಲಿ ಬಾಬರನು ಸಿಂಧಿನ ಷಾ ಹಸನನಿಗೆ ಗಂಜೀಫಾ ಕಳಿಸಿಕೊಟ್ಟದ್ದನ್ನು ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಮುಂದೆ ಅದೇ ಆಟ ದಶಾವತಾರದ ಚಿತ್ರ ಹೊತ್ತು 120 ಎಲೆಗಳ ಕಟ್ಟಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ 36ರಿಂದ 360 ಎಲೆಗಳವರೆಗಿನ ಕಟ್ಟುಗಳು ವರ್ಣಿತವಾಗಿವೆ. ದೇವತೆಗಳೂ ಗ್ರಹಗಳೂ ಎಲೆಯ ಮೇಲೆ ಬಂದರು, ಆದರೆ ಆಟದ ಎಲೆಯಾಗಿಯೇ ಬಂದರು. ಪ್ಯಾರಿಸ್ಸು ಆಟವನ್ನು ಶಾಸ್ತ್ರ ಮಾಡಿತು. ಮೈಸೂರು ಶಾಸ್ತ್ರವನ್ನು ಆಟಕ್ಕೆ ಕರೆತಂದಿತು. ಎರಡನೆಯದು ಹೆಚ್ಚು ಆರೋಗ್ಯಕರ ಎಂದು ನಮಗೆ ತೋರುತ್ತದೆ.

ಹಾಗೆಂದು ಮುಸ್ಲಿಮರಾದ ನಾವು ಬೆನ್ನು ತಟ್ಟಿಕೊಳ್ಳಬೇಕಾಗಿಲ್ಲ. ಬಾಣಗಳ ಮೂಲಕ ಶಕುನ ಕೇಳುವ ಅರಬರ ರೂಢಿಯನ್ನು ಕುರ್‌ಆನ್ ಮದ್ಯ ಮತ್ತು ಜೂಜಿನ ಜೊತೆಯಲ್ಲೇ ಇಟ್ಟು ನಿಷೇಧಿಸಿತು. ಆದರೂ ಸಾವಿರ ವರ್ಷಗಳೊಳಗೆ ಇರಾನಿನ ಅರಸರು ಚಿತ್ರಸಹಿತ ಫಾಲ್‌ನಾಮಾ ಬರೆಸಿದರು. ಹಾಫಿಜ್ ಕವಿಯ ದೀವಾನನ್ನು ಕಣ್ಣುಮುಚ್ಚಿ ತೆರೆದು ಫಾಲ್ ನೋಡುವುದು ರೂಢಿಯಾಯಿತು. ಹುಮಾಯೂನ್ ಮತ್ತು ಜಹಾಂಗೀರ್ ಹೀಗೆ ಫಾಲ್ ನೋಡಿ ಅಂಚಿನಲ್ಲಿ ಟಿಪ್ಪಣಿ ಬರೆದ ಪ್ರತಿ ಪಾಟ್ನಾದ ಖುದಾಬಕ್ಷ್ ಗ್ರಂಥಾಲಯದಲ್ಲಿದೆ. ಇನ್ನು ಇಸ್ತಿಖಾರಾ. ನಿರ್ಧಾರದ ಮುಂಚೆ ಒಳಿತಿನ ಕಡೆಗೆ ನಡೆಸೆಂದು ತಾನೇ ಅಲ್ಲಾಹನನ್ನು ಬೇಡುವ ಸರಳ ನಮಾಜು ಅದು. ಕನಸು ಬೀಳಲೇಬೇಕೆಂಬ ನಿಯಮವೇನೂ ಇಲ್ಲ. ಅದನ್ನು ಈಗ ಹಣ ಪಡೆದು, ಬೇರೆಯವರ ಪರವಾಗಿ, ಫೋನಿನಲ್ಲೇ ಮಾಡಿಕೊಡುವವರಿದ್ದಾರೆ. ಇಂಥ ಇಸ್ತಿಖಾರಾಕ್ಕೂ ಟ್ಯಾರೋಗೂ ವ್ಯತ್ಯಾಸ ಎಷ್ಟು?

ಹಾಗಾದರೆ ಎಲೆ ‘ಸರಿಯಾಗಿ ಹೇಳಿತು’ ಎಂದು ಜನರಿಗೆ ಅನಿಸುವುದೇಕೆ? 1948ರಲ್ಲಿ ಅಮೆರಿಕದ ಬರ್ಟ್ರಾಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆ ಅವರವರ ಸ್ವಭಾವದ ವರದಿ ಎಂದು ಒಂದೊಂದು ಹಾಳೆ ಕೊಟ್ಟ. ಅವರು 5ಕ್ಕೆ ಸರಾಸರಿ 4ಕ್ಕಿಂತ ಹೆಚ್ಚು ಅಂಕ ಕೊಟ್ಟು ಒಪ್ಪಿಕೊಂಡರು. ಎಲ್ಲ ಹಾಳೆಗಳಲ್ಲೂ ಇದ್ದದ್ದು ಒಂದೇ ಬರಹ, ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಹೊರಗೆ ಧೈರ್ಯ, ಒಳಗೆ ಅಳುಕು ಎಂದರೆ ಯಾರು ತಾನೇ ಅಲ್ಲವೆಂದಾರು?

ಕತೆ ಬರೆಯುವ ನಮಗೆ ಈ ಕೈಚಳಕ ಅಪರಿಚಿತವಲ್ಲ. ಒಂದು ಚಿತ್ರ ತೋರಿಸಿ ಉಳಿದದ್ದನ್ನು ಓದುಗನಿಂದಲೇ ತುಂಬಿಸುವುದು ನಮ್ಮ ಕಸುಬು. ಇಟಲಿಯ ಇತಾಲೋ ಕಾಲ್ವಿನೋ 1973ರಲ್ಲಿ ಪೂರ್ಣರೂಪದಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಮಾತು ಕಳೆದುಕೊಂಡ ಪ್ರಯಾಣಿಕರು ಟ್ಯಾರೋ ಎಲೆಗಳನ್ನು ಜೋಡಿಸಿಯೇ ತಮ್ಮ ಕತೆ ಹೇಳುತ್ತಾರೆ. ಅಲ್ಲಿ ಎಲೆ ನಡೆದದ್ದನ್ನು ಹೇಳುತ್ತದೆ, ನಡೆಯಲಿರುವುದನ್ನಲ್ಲ. ಕತೆಗಾರನೂ ಟ್ಯಾರೋದವನೂ ಬೇರೆಯಾಗುವುದು ಇಲ್ಲಿಯೇ. ಕತೆ ತಾನು ಕತೆ ಎಂದು ಒಪ್ಪಿಕೊಂಡು ಓದುಗನನ್ನು ಬಿಟ್ಟುಕೊಡುತ್ತದೆ. ಎಲೆ ತಾನು ನಾಳೆ ಎಂದು ಹೇಳಿ ಹಿಡಿದಿಟ್ಟುಕೊಳ್ಳುತ್ತದೆ.

ಹಿಡಿತಕ್ಕೆ ಸಿಗುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಗಂಡ ಬಿಟ್ಟುಹೋಗಿ ಎರಡು ವರ್ಷವಾದವಳಿಗೆ ‘ಮರಳಿ ಬರುತ್ತಾನೆ’ ಎಂದು ಎಲೆ ಹೇಳಿದರೆ ಅವಳು ಇನ್ನೂ ಎರಡು ವರ್ಷ ಕಾಯುತ್ತಾಳೆ. ಜೀವನಾಂಶದ ಅರ್ಜಿ ಹಾಕುವುದಿಲ್ಲ, ಹೊಲಿಗೆ ಕಲಿಯುವುದಿಲ್ಲ. ಕೊಟ್ಟ ಹಣಕ್ಕಿಂತ ದೊಡ್ಡ ನಷ್ಟ ಆ ಎರಡು ವರ್ಷ. ಇದನ್ನು ಕಾಯಿದೆಯೊಂದೇ ತಡೆಯಲಾರದು. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಮೌಢ್ಯ ನಿಷೇಧ ಕಾಯಿದೆ ಜ್ಯೋತಿಷ್ಯವನ್ನು ಮುಟ್ಟಲಿಲ್ಲ.

ಆದರೂ ಅವಳು ಎಲೆಯ ಬಳಿಗೆ ಹೋದದ್ದು ಅಲ್ಲಿ ಒಬ್ಬರು ಅರ್ಧ ಗಂಟೆ ಅವಳ ಮಾತಿಗೆ ಕಿವಿಗೊಟ್ಟರು ಎಂಬ ಕಾರಣಕ್ಕೂ ಇರಬಹುದು. ಮನೆಯಲ್ಲಿ ತಾಳ್ಮೆಯ ಉಪದೇಶ ಸಿಗುತ್ತದೆ, ಜಮಾಅತ್ತಿನ ಸಭೆಯಲ್ಲಿ ಅವಳ ಪರವಾಗಿ ಗಂಡಸರು ಮಾತಾಡುತ್ತಾರೆ. ಅವಳನ್ನೇ ಕೂರಿಸಿ ‘ನಿನಗೇನು ಬೇಕು?’ ಎಂದು ಕೇಳುವವರು ಅಪರೂಪ. ಟ್ಯಾರೋವನ್ನು ಹರಾಮ್ ಎಂದೋ ಮೌಢ್ಯ ಎಂದೋ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಅವಳ ಪ್ರಶ್ನೆಗೆ ಕಿವಿಗೊಟ್ಟು, ವಕೀಲರ ಬಳಿಗೋ ವೈದ್ಯರ ಬಳಿಗೋ ಜೊತೆಯಲ್ಲಿ ನಡೆಯುವುದು ಕಷ್ಟ. ಆ ಕಷ್ಟದ ಕೆಲಸವನ್ನು ನಾವು ಕೈಗೆತ್ತಿಕೊಳ್ಳುವ ತನಕ ಎಲೆ ಹಾಸುವವರಿಗೆ ಗಿರಾಕಿಗಳ ಕೊರತೆಯಾಗದು.