ಇಳಿದು ಹತ್ತಬೇಕಾದ ಊರು

ಪೆರುವಿಗೆ ಹೋಗಿ ಬಂದವರ ಮೊಬೈಲಿನಲ್ಲೆಲ್ಲ ಮಾಚು ಪಿಚುವಿನ ಒಂದೇ ಚಿತ್ರ: ಮುಂದೆ ಕಲ್ಲುಗೋಡೆ, ಹಿಂದೆ ಚೂಪು ಶಿಖರ, ಮೂಲೆಯಲ್ಲಿ ಯಾರದೋ ಟೋಪಿ. ಆಂಡೀಸ್ ಚಾರಣದ ರುಚಿ ಹತ್ತಿದವರು ಹೇಳುವ ಹೆಸರು ಬೇರೆ, ಚೋಕೆಕಿರಾವ್. ಕೆಚುವಾ ಭಾಷೆಯಲ್ಲಿ ಚಿನ್ನದ ತೊಟ್ಟಿಲು ಎಂದರ್ಥ. ಎರಡೂ ಇಂಕಾಗಳು ಕಟ್ಟಿದ ಊರುಗಳೇ. ಮಾಚು ಪಿಚುವಿಗೆ ರೈಲಿದೆ, ಬಸ್ಸಿದೆ. ಚೋಕೆಕಿರಾವ್‌ಗೆ ನಮ್ಮ ಕಾಲು, ಇಲ್ಲವೇ ಹೇಸರಗತ್ತೆಯ ಕಾಲು.

ದಾರಿಯ ಲೆಕ್ಕವೇ ವಿಚಿತ್ರ. ಕಚೋರಾ ಊರಿನಾಚೆ, ನಡಿಗೆ ಶುರುವಾಗುವ ಕಾಪುಲಿಯೋಕ್ ಸುಮಾರು 2,900 ಮೀಟರ್ ಎತ್ತರದಲ್ಲಿದೆ. ಹಾಳೂರು 3,000 ಮೀಟರ್ ಆಸುಪಾಸಿನಲ್ಲಿ. ಹೆಚ್ಚುಕಡಿಮೆ ಸಮ. ನಡುವೆ ಮಾತ್ರ ಅಪುರಿಮಾಕ್ ನದಿಯ ಕೊರಕಲು ಬಾಯಿ ತೆರೆದುಕೊಂಡು ಕೂತಿದೆ. ತಳದ ಪ್ಲಾಯಾ ರೋಸಲಿನಾ 1,500 ಮೀಟರಿನಲ್ಲಿದೆ. ಅಷ್ಟೂ ಇಳಿಯಬೇಕು, ಇಳಿದಷ್ಟೂ ಹತ್ತಬೇಕು. ವಾಪಸು ಬರುವಾಗ ಮತ್ತದೇ. ಬೆಟ್ಟ ಹತ್ತಿದವರಿಗೆ ಕೊನೆಯ ದಿನ ಇಳಿಜಾರಿನ ಸುಖವಾದರೂ ಸಿಗುತ್ತದೆ. ಇಲ್ಲಿ ಅತಿ ಕಷ್ಟದ ಏರು ಕೊನೆಗೇ ಕಾದಿರುತ್ತದೆ. ಹೋಗಿ ಬರಲು ಸುಮಾರು 60 ಕಿ.ಮೀ., ನಾಲ್ಕು ದಿನ.

ಕುಸ್ಕೋ ನಗರದ ಚಳಿ ನೆನೆದು ಉಣ್ಣೆಬಟ್ಟೆ ತುಂಬಿಕೊಂಡವರು ನದಿಯ ದಡದಲ್ಲಿ ಬೆವರಿಳಿಸುತ್ತಾರೆ. ಅಲ್ಲಿನ ಕಚ್ಚುವ ಸಣ್ಣ ನೊಣ ಬರಿಗಾಲನ್ನು ಬಿಡುವುದಿಲ್ಲ. ಸೇತುವೆಯ ಕಥೆ ಇನ್ನೊಂದು. 2012ರ ಪ್ರವಾಹ ಅದನ್ನು ಕೊಚ್ಚಿಕೊಂಡು ಹೋದ ಮೇಲೆ ಕೆಲಕಾಲ ಜನ ತಂತಿಗೆ ತೂಗುಬಿಟ್ಟ ಪಂಜರದಲ್ಲಿ ಕೂತು ನದಿ ದಾಟಿದರು. ಈಗ ಹೊಸ ಸೇತುವೆಯಿದೆ.

ಅನುಭವಸ್ಥರು ಬೆಳಕು ಹರಿಯುವ ಮೊದಲೇ ಹತ್ತಲು ಶುರುಮಾಡುತ್ತಾರೆ. ಬಿಸಿಲೇರಿದರೆ ಆ ತಿರುವುಗಳಲ್ಲಿ ನೆರಳೇ ಇಲ್ಲ. ಸಾಮಾನು ಹೊರುವ ಹೇಸರಗತ್ತೆಯ ಹಿಂದೆ ಬರುವ ಅರಿಯೆರೊ ದವಡೆಯಲ್ಲಿ ಕೋಕಾ ಎಲೆ ಒತ್ತಿಟ್ಟುಕೊಂಡಿರುತ್ತಾನೆ. ಬರೀ ಎಲೆಯಲ್ಲ, ಜೊತೆಗೆ ಬೂದಿಯ ಒಂದು ಚೂರು. ಎಲೆಯ ಸತ್ವ ಬಿಡಿಸುವುದೇ ಆ ಕ್ಷಾರ. ವೀಳ್ಯದೆಲೆಗೆ ಸುಣ್ಣ ಹಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಹೈರಾಮ್ ಬಿಂಗಮ್ ಇಲ್ಲಿಗೆ ಬಂದದ್ದು 1909ರಲ್ಲಿ, ಮಾಚು ಪಿಚು ಕಾಣುವುದಕ್ಕೆ ಎರಡು ವರ್ಷ ಮೊದಲು. ನಿಧಿ ಸಿಕ್ಕೀತೆಂದು ಆಸೆಪಟ್ಟು ಕರೆತಂದವನು ಅಲ್ಲಿನ ಸರ್ಕಾರಿ ಅಧಿಕಾರಿ. ಚಿನ್ನ ಸಿಗಲಿಲ್ಲ. 1834ರಲ್ಲೇ ಬಂದುಹೋದವರ ಹೆಸರು ಮಾತ್ರ ಸಿಕ್ಕವು. ‘ಪತ್ತೆಹಚ್ಚಿದ’ ಎಂಬ ಕ್ರಿಯಾಪದವನ್ನು ಆಂಡೀಸ್‌ನಲ್ಲಿ ಕೊಂಚ ಜಿಪುಣತನದಿಂದ ಬಳಸುವುದು ಒಳ್ಳೆಯದು.

ನೆತ್ತಿ ಕತ್ತರಿಸಿ ಸಮತಟ್ಟು ಮಾಡಿದ ಗುಡ್ಡ, ದೊಡ್ಡ ಅಂಗಳ, ಕಾಲುವೆ, ಎಲ್ಲ ಚೆಂದವೇ. ಆದರೂ ಇಷ್ಟು ದೂರದ ನಡಿಗೆ ಸಾರ್ಥಕವಾಗುವುದು ಲಾಮಾಗಳ ಮುಂದೆ. ಅಂಗಳ ನೋಡಿ ತೃಪ್ತರಾಗಿ ಹಿಂದಿರುಗುವವರು ಅವನ್ನು ಕಾಣದೇ ಹೋಗುತ್ತಾರೆ. ಗುಡ್ಡದ ಆಚೆ ಬದಿಯ ಕಡಿದಾದ ಮೆಟ್ಟಿಲುಗಳನ್ನು ಇನ್ನಷ್ಟು ಇಳಿಯಬೇಕು. ಅಲ್ಲಿ ಕಿರಿದಾದ ಗದ್ದೆಗಳ ಕಪ್ಪು ತಡೆಗೋಡೆಗಳೊಳಗೆ ಬಿಳಿಕಲ್ಲು ಕೂರಿಸಿ ಬಿಡಿಸಿದ 20ಕ್ಕೂ ಹೆಚ್ಚು ಪ್ರಾಣಿಗಳು. ಉದ್ದ ಕತ್ತು, ನಿಮಿರಿದ ಕಿವಿ, ಕಡ್ಡಿ ಕಾಲು. ಈ ಶತಮಾನದ ಆರಂಭದವರೆಗೂ ಅವು ಕಾಡು ಗಿಡಗಳಡಿ ಮುಚ್ಚಿಹೋಗಿದ್ದವು. ಹತ್ತಿರ ನಿಂತರೆ ಗೋಡೆಯಲ್ಲಿ ಸುಮ್ಮನೆ ಬಿಳಿಕಲ್ಲಿನ ತುಂಡುಗಳು. ಎದುರಿನ ಕಟ್ಟೆಗೆ ಹೋಗಿ ತಿರುಗಿದರೆ ಇಡೀ ಮಂದೆ ಗುಡ್ಡ ಹತ್ತುತ್ತಿರುತ್ತದೆ.