ಸತ್ಪುರುಷಾಪೇಕ್ಷೆ ಮತ್ತು ಮತಪೆಟ್ಟಿಗೆ: ಡಿ.ವಿ.ಜಿ. ಹಾಗೂ ರಾಜಾಜಿ ಅವರ ಚುನಾವಣಾ ಚಿಂತನೆ

ಚುನಾವಣೆಯನ್ನು ಕುರಿತ ಸಂಪ್ರದಾಯಶೀಲ ಚಿಂತನೆಯನ್ನು ಪ್ರಜಾಪ್ರಭುತ್ವದ ವಿರೋಧವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ವಿಮರ್ಶೆಯಾಗದು. ಈ ಚಿಂತನೆಯ ಮುಖ್ಯ ಪ್ರಶ್ನೆ ಮತಾಧಿಕಾರ ಬೇಕೆ ಬೇಡವೆ ಎಂಬುದಲ್ಲ, ಮತದ ಮೂಲಕ ಯೋಗ್ಯನು ಆರಿಸಿ ಬರುವನೆ ಎಂಬುದು. ಕನ್ನಡದಲ್ಲಿ ಡಿ.ವಿ. ಗುಂಡಪ್ಪನವರೂ ಮದರಾಸಿನಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿಯವರೂ ಈ ಪ್ರಶ್ನೆಯನ್ನು ಜೀವನಪರ್ಯಂತ ಕೇಳಿದರು. ಆ ಪ್ರಶ್ನೆಯ ಬಲವನ್ನೂ ಮಿತಿಯನ್ನೂ ಇಲ್ಲಿ ಪರಿಶೀಲಿಸುತ್ತೇವೆ.

ನಮ್ಮ ಮಧ್ಯಕಾಲೀನ ಕಾವ್ಯದಲ್ಲಿ ರಾಜನೀತಿಯು ಅರಸನನ್ನು ಉದ್ದೇಶಿಸಿ ಹೇಳಿದ ಮಾತು. ಕುಮಾರವ್ಯಾಸನ ಸಭಾಪರ್ವದಲ್ಲಿ ನಾರದನು ಧರ್ಮರಾಯನಿಗೆ ಪ್ರಶ್ನೆಗಳ ರೂಪದಲ್ಲಿ ನೀತಿಯನ್ನು ಬೋಧಿಸುತ್ತಾನೆ. ಕೇಳುವವನು ಒಬ್ಬ, ಅವನು ತಿದ್ದಿಕೊಂಡರೆ ರಾಜ್ಯ ತಿದ್ದಿತು. ಪ್ರಜೆಯೇ ಪ್ರಭುವಾದಾಗ ಈ ನೀತಿಯನ್ನು ಯಾರಿಗೆ ಹೇಳಬೇಕು? ಡಿ.ವಿ.ಜಿ.ಯವರ 'ರಾಜ್ಯಶಾಸ್ತ್ರ'ವನ್ನು ಈ ಪ್ರಶ್ನೆಗೆ ದೊರೆತ ಉತ್ತರವೆಂದು ಓದಬಹುದು. ಅರಸನಿಗೆ ಸಲ್ಲುತ್ತಿದ್ದ ಬೋಧೆ ಅಲ್ಲಿ ಪೌರನಿಗೆ ಸಲ್ಲುತ್ತದೆ. 1945ರಲ್ಲಿ ಬೆಂಗಳೂರಿನಲ್ಲಿ ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದರ ಹಿಂದೆಯೂ ಮತದಾರನಿಗೆ ಮತಕ್ಕಿಂತ ಮೊದಲು ವಿವೇಕ ಬೇಕೆಂಬ ನಂಬಿಕೆಯಿತ್ತು. ಪ್ರಾಚೀನ ಪ್ರಕಾರವೊಂದು ಆಧುನಿಕ ಸಂದರ್ಭಕ್ಕೆ ಹೀಗೆ ಒಗ್ಗಿಕೊಂಡದ್ದು ಅವರ ದೊಡ್ಡ ಸಾಧನೆ.

ಆದರೆ ಮಾದರಿಯ ಪ್ರಶ್ನೆ ಬಂದಾಗ ಡಿ.ವಿ.ಜಿ. ಹಿಂದಕ್ಕೆ ನೋಡುತ್ತಾರೆ. ಅವರು ರಂಗಾಚಾರ್ಲು ಅವರ ಜೀವನಚರಿತ್ರೆಯನ್ನು ಬರೆದವರು; 'ಜ್ಞಾಪಕ ಚಿತ್ರಶಾಲೆ'ಯ ಒಂದು ಸಂಪುಟವನ್ನೇ ಮೈಸೂರಿನ ದಿವಾನರಿಗೆ ಮೀಸಲಿಟ್ಟವರು. ದಕ್ಷತೆ, ನಿಸ್ಪೃಹತೆ, ವಿದ್ಯೆ, ಮಾತಿನ ತೂಕ ಇವು ಆ ಚಿತ್ರಗಳ ಬಣ್ಣಗಳು. ಇಲ್ಲಿ ಒಂದು ಸಂಗತಿಯನ್ನು ಗಮನಿಸಲೇಬೇಕು. ಈ ದಿವಾನರಲ್ಲಿ ಒಬ್ಬರೂ ಮತದಾರರಿಂದ ಆ ಸ್ಥಾನಕ್ಕೆ ಬಂದವರಲ್ಲ. ಚುನಾವಣೆಯನ್ನು ಅಳೆಯುವ ಅಳತೆಗೋಲನ್ನು ಚುನಾವಣೆಯ ಹೊರಗಿನಿಂದಲೇ ತರಲಾಗಿದೆ.

ಇದರಿಂದ ಮರೆಯಾಗುವುದೇನು ಎಂಬುದನ್ನು ಮೈಸೂರಿನ ಚರಿತ್ರೆಯೇ ಹೇಳುತ್ತದೆ. 1881ರಲ್ಲಿ ರಂಗಾಚಾರ್ಲು ಕರೆದ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಸದಸ್ಯರು. ಅವರು ಭೂಮಾಲೀಕರು, ವರ್ತಕರು. ಅಹವಾಲು ಹೇಳಬಹುದಾಗಿತ್ತೇ ಹೊರತು ಆಡಳಿತವನ್ನು ಬದಲಿಸುವ ಅಧಿಕಾರ ಅವರಿಗಿರಲಿಲ್ಲ. 1918ರಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಯೋಗ್ಯತೆಯೊಂದೇ ಮಾನದಂಡವಾಗಿರಬೇಕೆಂಬ ನಿಲುವಿನ ವಿಶ್ವೇಶ್ವರಯ್ಯನವರು ಅದೇ ವರ್ಷ ದಿವಾನಗಿರಿಯನ್ನು ಬಿಟ್ಟರು. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೆ ಯೋಗ್ಯತೆಯನ್ನು ಸಂಪಾದಿಸುವ ಬಾಗಿಲೇ ಬಹುಜನರಿಗೆ ಮುಚ್ಚಿದ್ದಾಗ, ಯೋಗ್ಯನನ್ನು ಆರಿಸಿರೆಂಬ ಮಾತು ಒಳಗಿದ್ದವರ ಮಾತಾಗಿ ಕೇಳಿಸುತ್ತದೆ. 1951–52ರ ವಯಸ್ಕ ಮತದಾನವು ತೆರೆದದ್ದು ಆ ಬಾಗಿಲನ್ನು.

ರಾಜಾಜಿಯವರ ದೃಷ್ಟಾಂತ ಇನ್ನೂ ಜಟಿಲವಾದುದು. ಸ್ವರಾಜ್ಯ ಬಂದ ಮೇಲೆ ಚುನಾವಣೆಯ ಭ್ರಷ್ಟತೆಯೂ ಹಣದ ದರ್ಪವೂ ಬದುಕನ್ನು ದುಸ್ಸಹಗೊಳಿಸುವುವೆಂದು ಅವರು ವೇಲೂರು ಸೆರೆಮನೆಯ ದಿನಚರಿಯಲ್ಲಿ 1922ರಷ್ಟು ಹಿಂದೆಯೇ ಬರೆದಿದ್ದರು. ಚುನಾವಣಾ ವೆಚ್ಚವನ್ನು ರಾಜ್ಯವೇ ವಹಿಸಬೇಕೆಂಬುದು ಅವರ ನಂತರದ ವಾದ. ಚುನಾವಣಾ ಬಾಂಡ್ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಅಸಿಂಧುಗೊಳಿಸಿದ್ದನ್ನು ಕಂಡ ನಮಗೆ ಆ ದೂರದೃಷ್ಟಿಯ ಬೆಲೆ ತಿಳಿಯುತ್ತದೆ. ಆದರೂ 1959ರಲ್ಲಿ ಅವರು ಕಟ್ಟಿದ ಸ್ವತಂತ್ರ ಪಕ್ಷವು ಮಾಜಿ ಸಂಸ್ಥಾನಿಕರ, ಉದ್ಯಮಪತಿಗಳ ಬೆಂಬಲವನ್ನೇ ಬಹುವಾಗಿ ನೆಚ್ಚಿತು. ಲೋಕಸಭೆಯಲ್ಲಿ 1962ರಲ್ಲಿ 18 ಸ್ಥಾನ, 1967ರಲ್ಲಿ 44, 1971ರಲ್ಲಿ ಕೇವಲ 8 ಎಂಬುದು ಅದರ ಏರಿಳಿತ.

1952ರ ಪ್ರಸಂಗ ಇದಕ್ಕಿಂತ ಬೋಧಪ್ರದವಾದುದು. ಮದರಾಸಿನ ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ದೊರೆತದ್ದು 152. ಚುನಾವಣೆಗೆ ನಿಲ್ಲದ ರಾಜಾಜಿ ರಾಜ್ಯಪಾಲರ ನಾಮಕರಣದಿಂದ ವಿಧಾನ ಪರಿಷತ್ತಿಗೆ ಬಂದು ಮುಖ್ಯಮಂತ್ರಿಯಾದರು. ಮರುವರ್ಷ ಅವರು ತಂದ ಪ್ರಾಥಮಿಕ ಶಿಕ್ಷಣ ಯೋಜನೆಯಲ್ಲಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ಕುಲಕಸುಬು. ಅದನ್ನು ಜಾತಿಶಿಕ್ಷಣವೆಂದು ಜನ ವಿರೋಧಿಸಿದರು. 1954ರಲ್ಲಿ ರಾಜಾಜಿ ಅಧಿಕಾರ ತ್ಯಜಿಸಿದರು. ವೈಯಕ್ತಿಕ ಶುದ್ಧಿಯಲ್ಲಿ ಅವರಿಗೆ ಸಮನಾದವರು ವಿರಳ. ಆದರೆ ಯೋಗ್ಯನಾದ ಒಬ್ಬನಿಗೆ ಕಾಣದ್ದು ಸಾಮಾನ್ಯರಾದ ಲಕ್ಷಜನಕ್ಕೆ ಕಂಡಿತ್ತು. ಮನೆಮನೆಗೆ ಹೋಗಿ ಮತ ಯಾಚಿಸುವುದು ಅವಮಾನವಲ್ಲ, ಅದೂ ಒಂದು ಶಿಕ್ಷಣ ಎಂಬ ಪಾಠ ಇಲ್ಲಿದೆ.

ಒಟ್ಟಿನಲ್ಲಿ, ಈ ಹಿರಿಯರು ಕೇಳಿದ ಪ್ರಶ್ನೆಯನ್ನು ಉಳಿಸಿಕೊಂಡು ಅವರ ಮಾದರಿಯನ್ನು ತಿದ್ದಿಕೊಳ್ಳಬೇಕೆಂಬುದು ನಮ್ಮ ನಿಲುವು. ಹಣದ ಹಿಡಿತ, ಪಕ್ಷದ ದಾಸ್ಯ, ಮತದಾರನ ಅವಿಚಾರ ಇವುಗಳನ್ನು ಕುರಿತ ಅವರ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ. ಆದರೆ ಸತ್ಪುರುಷನು ಯಾರೆಂದು ನಿರ್ಣಯಿಸುವ ಅಧಿಕಾರ ಸತ್ಪುರುಷರ ಕೈಯಲ್ಲೇ ಉಳಿಯಬಾರದು. ನಾರದನ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಧರ್ಮರಾಯ ಈಗ ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದಾನೆ. ಆದರೆ ಅವನಿಗೂ ಮರುಪ್ರಶ್ನೆ ಕೇಳುವ ಹಕ್ಕಿದೆ.